ಗೇರ್ ಎಣ್ಣೆ, ಗೇರೆಣ್ಣೆ

ಅಂಗಳ ಗುಡಿಸಿ ಸಗಣಿ ನೀರು ಹಾಕಿದ್ದು. ಕಾರಿನ ಕೆಳಗಿಟ್ಟಿದ್ದ ಹಳೆಯ ಹಿತ್ತಾಳೆ ತಟ್ಟೆ ಎಳೆದು ಎಷ್ಟು ತೊಟ್ಟು ಬಿದ್ದಿದೆಯೆಂದು ನೋಡಿದ್ದು. ಹಾಲು ಕಾಯಿಸಿ ಹೆಪ್ಪು ಹಾಕಿದ್ದು. ದವಾಖಾನೆಯ ಸೀಸೆಗಳನ್ನು ಕುದಿಸಿ ಬೋರಲು ಹಾಕಿದ್ದು. ಒಂದೊಂದು ಹೊತ್ತಿನ ಅಳತೆಗೆ ಸೀಸೆಗೆ ಅಂಟಿಸುವ ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿದ್ದು. ಕೆಮ್ಮಿನ ಔಷಧ ಬೆರೆಸಿದ್ದು. ರೊಟ್ಟಿ ಬಡಿದದ್ದು. ಕಾಂಪೌಂಡರ ಎರಡು ಅಂಗೈಗೂ ಕೊಬ್ಬರಿ ಎಣ್ಣೆ ಸವರಿ ಹಳೆ ಪಂಚೆಯ ಚೂರು ಸುತ್ತಿದ್ದು. ಅವರ ಮುಖ ನೋಡಲಾರದೆ ಅಡುಗೆಮನೆಗೆ ಬಂದು ಕೂತದ್ದು.

ಆ ಗುರುವಾರ ಮಧ್ಯಾಹ್ನದವರೆಗೆ ನಾನು ಮಾಡಿದ ಕೆಲಸ ಇಷ್ಟು. ದಿನದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನಗೆ ಮದುವೆಗೆ ಮುಂಚಿನಿಂದಲೂ ರೂಢಿ. ಏನೂ ದೊಡ್ಡ ವಿಷಯವಿಲ್ಲ ಅದರಲ್ಲಿ. ಆದರೆ ಈ ಪುಟವನ್ನು ತೆರೆದಾಗಲೆಲ್ಲ ಒಬ್ಬ ಮನುಷ್ಯನ ನೆನಪು ಬರುತ್ತದೆ. ಅವರ ವಿಷಯ ಬರೆಯಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

ಯುದ್ಧ ನಿಂತು ಎರಡು ವರ್ಷವಾಗಿತ್ತು. ನಾವು ಚನ್ನಗಿರಿಯಲ್ಲಿದ್ದೆವು. ನಮ್ಮ ಮನೆಯವರು ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಯೇ ದವಾಖಾನೆ. ಮೊದಲು ಅವರು ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಒಮ್ಮೆ ಕಾಲರಾ ಚುಚ್ಚುಮದ್ದು ಹಾಕಲು ಹೋಗುವಾಗ ಸೈಕಲ್ಲು ಹಳ್ಳಕ್ಕೆ ಉರುಳಿ ಎಡಗಾಲಿನ ಮಂಡಿ ಮುರಿಯಿತು. ಮೂಳೆ ಕೂಡಿತು, ಆದರೆ ಮಂಡಿ ಮಡಚುವುದು ನಿಂತುಹೋಯಿತು. ಆಮೇಲೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು. ಗಾಡಿಯಲ್ಲಿ ನಲ್ಲೂರಿಗೆ ಹೋಗಿ ಬರಬಹುದು. ಹೊನ್ನಾಳಿ, ನ್ಯಾಮತಿಯ ಕಡೆ ಹೋದರೆ ಎರಡು ದಿನ ದವಾಖಾನೆ ಮುಚ್ಚಬೇಕು. ಕಾರು ತೆಗೆದುಕೊಳ್ಳೋಣವೆಂದರೆ ಕಾರಿಗೆ ಕ್ಲಚ್ಚು, ಕ್ಲಚ್ಚಿಗೆ ಎಡಗಾಲು.

ಯುದ್ಧಕ್ಕೆಂದು ಬಂದಿದ್ದ ಅಮೆರಿಕದ ಸೈನ್ಯ ವಾಪಸ್ಸು ಹೋಗುವಾಗ ಬಿಟ್ಟುಹೋದ ಸಾಮಾನನ್ನು ಬೆಂಗಳೂರಿನಲ್ಲಿ ಹರಾಜು ಹಾಕಿದರು. ಅದರಲ್ಲಿ ಯಾರೋ ಅಧಿಕಾರಿ ಬಳಸಿದ ಒಂದು ಕಾರಿತ್ತು. ಆಗಲೇ ಆರೇಳು ವರ್ಷ ಹಳೆಯದು. ಸ್ಟೇರಿಂಗು ಎಡಗಡೆ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು. ಬಲಗಾಲಿನಲ್ಲಿ ಒಂದು ಪೆಡಲ್ ಒತ್ತಿದರೆ ಹೋಗುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಎಡಗಾಲನ್ನು ಬಾಗಿಲ ಕಡೆಗೆ ಕೋಲಿನ ಹಾಗೆ ಚಾಚಿಕೊಂಡು ಕೂತರಾಯಿತು.

“ಒಂದೂವರೆ ಕಾಲಿನ ಗಂಡಿಗೆ ಎರಡು ಪೆಡಲಿನ ಹೆಣ್ಣು. ಜಾತಕ ಕೂಡ್ತು ನೋಡು” ಎಂದರು, ಕಾರು ಅಂಗಳಕ್ಕೆ ಬಂದ ದಿನ.

ಆರು ತಿಂಗಳು ಬುಧವಾರ ಬುಧವಾರ ಹೊನ್ನಾಳಿ, ಗೋವಿನಕೋವಿ, ನ್ಯಾಮತಿ ಸುತ್ತಿ ಬಂದರು. ಮುಖದ ಬಣ್ಣವೇ ಬೇರೆಯಾಗಿತ್ತು. ಆಮೇಲೆ ಕಾರಿಗೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಷ್ಟೋ ಹೊತ್ತು ಅಲುಗುತ್ತಿರಲಿಲ್ಲ. ಹೊರಟ ಮೇಲೆ ಬಿಸಿಯಾಯಿತೋ, ಏರಿನಲ್ಲಿ ಎಂಜಿನ್ನು ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಅಂಗಳದಲ್ಲಿ ನಾನು ರಂಗೋಲಿ ಹಾಕುವ ಜಾಗದಲ್ಲಿ ದಿನಾ ಎಣ್ಣೆಯ ಕಲೆ. ಅದಕ್ಕೇ ನಾನು ತಟ್ಟೆ ಇಡಲು ಶುರು ಮಾಡಿದ್ದು. ಒಂದು ದಿನ ಹತ್ತು ತೊಟ್ಟು, ಒಂದು ದಿನ ಹದಿನೈದು.

ಹಿಂದಿನ ವಾರದ ಬುಧವಾರ ಗೋವಿನಕೋವಿಯ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಊರಿನಲ್ಲಿ ಒಬ್ಬ ಬಾಣಂತಿಗೆ ಎದೆಹಾಲು ಕಟ್ಟಿ ಕೀವಾಗಿತ್ತು. ಬೆಳಿಗ್ಗೆ ಬಂದು ಕುಯ್ದು ತೆಗೆಯುತ್ತೇನೆಂದು ಹೇಳಿಕಳಿಸಿದ್ದರು. ಗಾಡಿ ಸಿಕ್ಕಿ ಅಲ್ಲಿಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆ ಹುಡುಗಿ ನೋವಿಗೆ ಬೆಳಗಿನಿಂದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳಂತೆ. ಅವಳ ತಾಯಿ ಡಾಕ್ಟರನ್ನು ನೋಡಿ, “ಬರಂಗಿಲ್ಲ ಅಂದಿದ್ರೆ ನಾವು ಬೇರೆ ದಾರಿ ನೋಡ್ಕಂತಿದ್ವಿ. ಬರ್ತೀನಿ ಅಂದು ನೋವಿನಾಗೆ ಸಾಯಿಸಿದ್ರಲ್ಲಪ್ಪಾ” ಎಂದಳಂತೆ.

ಕೀವು ತೆಗೆದು ಕಟ್ಟಿ ಬಂದರೂ ಆ ಮಾತು ಇವರಿಗೆ ನಾಟಿತು. ಆರಿದ ಕಾರನ್ನು ಮೆಲ್ಲಗೆ ಮನೆ ಮುಟ್ಟಿಸಿ, “ಇನ್ನು ಊರೂರು ತಿರುಗುವುದು ಸಾಕು. ದವಾಖಾನೆಗೆ ಬಂದವರನ್ನು ನೋಡ್ತೀನಿ. ಬರ್ತೀನಿ ಅಂತ ಯಾರಿಗೂ ಮಾತು ಕೊಡಲ್ಲ” ಎಂದರು.

ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಭಾವನವರು, ಅಂದರೆ ಇವರ ಅಣ್ಣ, ಮೊದಲಿನಿಂದಲೂ ಆ ಕಾರಿನ ವೈರಿ. ಮೂರನೇ ದಿನಕ್ಕೇ ಗಿರಾಕಿ ಹುಡುಕಿದರು. ಜಗಳೂರಿನಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವವರೊಬ್ಬರು. ಕಾರು ಬೇಡ, ಎಂಜಿನ್ನು ಬಿಚ್ಚಿ ಮಿಲ್ಲಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ಸೋಮವಾರವಲ್ಲ, ಅದರಾಚೆ ಸೋಮವಾರ ಬಂದು ನೋಡುತ್ತೇವೆ ಎಂದಿದ್ದರು. ಇವರು ಸ್ಟೂಲಿನ ಮೇಲೆ ಕಾಲು ಚಾಚಿ ಕಾರನ್ನು ನೋಡುತ್ತಾ ಕೂತಿದ್ದರು. ಈ ಕಾರು ಹೋದರೆ ಇನ್ನೊಂದು ಕ್ಲಚ್ಚಿಲ್ಲದ ಕಾರು ನಮ್ಮ ಸೀಮೆಯಲ್ಲಿ ಹುಟ್ಟುವುದಿಲ್ಲ. ಅವರು ನಲವತ್ತಕ್ಕೇ ಕೂತ ಡಾಕ್ಟರಾಗಿಬಿಡುತ್ತಾರೆ ಎಂದು ನನಗೆ ಸಂಕಟ.

ಏರಿನಲ್ಲಿ ಕಾರು ನಿಂತ ದಿನ ಆ ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು ಬಗ್ಗಿ ನೋಡಿದ್ದರು. ನ್ಯಾಮತಿಯ ಮೇಸ್ತ್ರಿ ಸಾಬರು. ಅವರ ತಂದೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಸಾಬರು ಕಲಾಯಿಯಿಂದ ಹೊಲಿಗೆ ಮಷಿನ್ನಿಗೆ, ಅಲ್ಲಿಂದ ಅಕ್ಕಿ ಗಿರಣಿಗೆ, ಯುದ್ಧದ ಕಾಲದಲ್ಲಿ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳ ರಿಪೇರಿಗೆ ಬಂದಿದ್ದರು. “ಮುಂದಿನ ಗುರುವಾರ ಬರ್ತೀನಿ ಡಾಕ್ಟ್ರೇ, ಅಲ್ಲೀವರೆಗೂ ಓಡಿಸ್ಬ್ಯಾಡ್ರಿ” ಎಂದು ಹೇಳಿ ಹೋಗಿದ್ದರು.

ಅವರು ಬರುವ ಹಿಂದಿನ ದಿನ ಇವರು ಔಷಧ ತರಲು ಬಸ್ಸಿಗೆ ಹೊನ್ನಾಳಿಗೆ ಹೊರಟಿದ್ದರು. ಹೋಗುವಾಗ ನನಗೆ, “ಗೇರ್ ಎಣ್ಣೆ ತರಿಸಿಡು, ನಾಳೆ ಮೇಸ್ತ್ರಿ ಬರ್ತಾರೆ” ಎಂದರು. ಮನೆಯಲ್ಲಿ ಅವರು ಇಂಗ್ಲಿಷ್ ಬೆರೆಸುತ್ತಿರಲಿಲ್ಲ. ಎಲ್ಲರೂ ಆಯಿಲ್ ಅನ್ನುವುದಕ್ಕೆ ಅವರು ಎಣ್ಣೆ ಅನ್ನುತ್ತಿದ್ದರು. ನಾನು ಚೀಟಿಯಲ್ಲಿ ನೀಟಾಗಿ ‘ಗೇರೆಣ್ಣೆ, ದೊಡ್ಡ ಸೀಸೆ ಎರಡು’ ಎಂದು ಬರೆದು ಕಾಂಪೌಂಡರ ಕೈಗೆ ಕೊಟ್ಟೆ. ಗೇರೆಣ್ಣೆ ಎಂದು ಬರೆದಿದ್ದರೆ ಯಾವ ಅಂಗಡಿಗೆ ಹೋಗಬೇಕು? ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಗೆ. ಕಾಂಪೌಂಡರು ಹೋದರು. ಅಂಗಡಿಯವರು, “ಇಷ್ಟೊಂದು ಗೇರೆಣ್ಣೆ ಯಾತಕ್ರೀ? ಸುತ್ತಲ ಅಗಸರೆಲ್ಲ ನಿಮ್ಮನೇಗೆ ಬಂದಾರೇನು?” ಎಂದು ನಕ್ಕು ಕೊಟ್ಟರಂತೆ. ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಎಣ್ಣೆ ಅದು. ಕರ್ರಗೆ, ದಪ್ಪಗೆ, ಮೈಗೆ ತಾಗಿದರೆ ಬೊಬ್ಬೆ. ಒಂದು ಸೀಸೆಯ ಬಿರಡೆ ಸಡಿಲ. ದಾರಿಯುದ್ದಕ್ಕೂ ಒಸರಿದ್ದನ್ನು ಅವರು ಎರಡೂ ಕೈಯಿಂದ ಒರೆಸಿಕೊಂಡು ಬಂದಿದ್ದರು. ಬೆಳಗಾಗುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ.

“ಚೀಟಿ ನೀವು ಬರದ್ರಿ, ಸೀಸೆ ಅವ್ರು ಕೊಟ್ರು, ಬೊಬ್ಬೆ ನನಗೆ ಬಂತು. ಪಾಲು ಸರಿಯಾಗೈತೆ ಬಿಡ್ರಿ ಅಮ್ಮಾರೆ” ಎಂದರು ಕಾಂಪೌಂಡರು. ನಾನು ಅವರ ಮುಖ ನೋಡಲಾರದೆ ಒಳಗೆ ಬಂದೆನೆಂದು ಬರೆದದ್ದು ಅದಕ್ಕೇ. ಅವರ ಕೈ ಮಾಯುವವರೆಗೆ ಔಷಧ ಬೆರೆಸುವ ಕೆಲಸ ನನ್ನದಾಯಿತು.

ಆ ಮಧ್ಯಾಹ್ನ ಮೇಸ್ತ್ರಿ ಸಾಬರು ಬಂದರು. ಐವತ್ತರ ಮೇಲಿನ ವಯಸ್ಸು, ಸಣಕಲು ಮೈ, ಒಂದು ತಗಡಿನ ಪೆಟ್ಟಿಗೆ, ಹಾಸಿಕೊಳ್ಳಲು ಒಂದು ಗೋಣಿಚೀಲ. ಮೊದಲು ಅವರು ನೋಡಿದ್ದು ಕಾರನ್ನಲ್ಲ.

“ಈ ತಟ್ಟೆ ಇಟ್ಟೋರು ಯಾರ್ರೀ?”

“ನಾನೇ.”

“ಎಷ್ಟು ದಿನದಿಂದ?”

ನೋಟ್‌ಬುಕ್ಕು ತಂದು ತೊಟ್ಟಿನ ಲೆಕ್ಕ ಓದಿ ಹೇಳಿದೆ. ಪ್ರಯಾಣ ಮಾಡಿ ಬಂದ ದಿನ ಹೆಚ್ಚು, ಸುಮ್ಮನೆ ನಿಂತ ದಿನ ಕಡಿಮೆ. ಅವರು ಕಣ್ಣು ಮುಚ್ಚಿ ಕೇಳಿದರು, ನಾಡಿ ನೋಡುವವರ ಹಾಗೆ. ಆಮೇಲೆ ಜಗುಲಿಯ ಮೇಲಿದ್ದ ಸೀಸೆಯ ಬಿರಡೆಯನ್ನು ಕಡ್ಡಿಯಿಂದ ಎಬ್ಬಿಸಿ ಮೂಸಿದರು. ಹುಬ್ಬು ಮೇಲೇರಿತು.

“ಇದನ್ನ ಕಾರಿಗೆ ಹಾಕಾಕೆ ತರಿಸಿದ್ರಾ? ಇದು ಮರದ ಗೇರು! ಹಾಕಿದ್ರೆ ಕಾರಿಗೂ ಬೊಬ್ಬೆ ಏಳ್ತಿದ್ವು.”

ಕಾಂಪೌಂಡರು ಬಟ್ಟೆ ಸುತ್ತಿದ ಎರಡೂ ಕೈ ಎತ್ತಿ ತೋರಿಸಿದರು. ಎಲ್ಲರೂ ನಕ್ಕರು, ನಾನೊಬ್ಬಳನ್ನು ಬಿಟ್ಟು. ನನ್ನ ಮುಖ ನೋಡಿ ಸಾಬರು ನಗು ನಿಲ್ಲಿಸಿದರು. ಗೇರ್‌ಬಾಕ್ಸಿನ ಅಳತೆ ಕಡ್ಡಿಯನ್ನು ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಒತ್ತಿ ಬಿಡಿಸಿದರು.

“ಅಮ್ಮಾರೆ, ಬರ್ರಿ ಇಲ್ಲಿ. ಪಾಕ ನೋಡಿ ಹೇಳ್ರಿ, ಎಷ್ಟು ಎಳೆ?”

ನಾನು ನೋಡಿದೆ. “ಎರಡೆಳೆ. ಉಂಡೆ ಕಟ್ಟೋ ಪಾಕ.”

“ಹಂಗಂದ್ರೆ ಇದರಾಗೆ ಯಾವನೋ ಆಗ್ಲೇ ಗೇರ್ ಆಯಿಲ್ ಸುರುವ್ಯಾನೆ. ನೀವು ತರಿಸಿದ್ದು ಮರದ ಗೇರಿಂದು, ಅವ್ನು ಸುರುವಿದ್ದು ಬಸ್ಸಿನ ಗೇರಿಂದು. ಈ ಕಾರಿಗೆ ಎರಡೂ ವಿಷಾನೇ.”

ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಮನೆಯವರು ಕೆಮ್ಮಿದರು. ಎರಡು ತಿಂಗಳ ಹಿಂದೆ ಎಣ್ಣೆ ಕಡಿಮೆಯಾಗಿದೆಯೆಂದು ಹೊನ್ನಾಳಿಯಲ್ಲಿ ಬಸ್ಸಿನವರ ಡಬ್ಬದಿಂದ ಗೇರ್ ಎಣ್ಣೆ ಹಾಕಿಸಿದವರು ಅವರೇ. “ಹಾಗಾದರೆ ಗೇರೆಣ್ಣೆ ಮೊದಲು ತಂದವನು ನಾನೇ ಆದೆ. ಇವಳದ್ದು ಎರಡನೇ ಸರದಿ” ಎಂದರು. ಆಗ ನಾನೂ ನಕ್ಕೆ.

ಸಾಬರು ಈ ಥರದ ಕಾರಿನ ವಿಷಯ ಬೇರೆ ಮೇಸ್ತ್ರಿಗಳಿಂದ ಕೇಳಿದ್ದರೇ ಹೊರತು ಹಿಂದೆ ಎಂದೂ ನೋಡಿರಲಿಲ್ಲ. ಅದನ್ನವರು ಮುಚ್ಚಿಡಲಿಲ್ಲ. “ನಾ ನೋಡಿಲ್ರೀ ಇದನ್ನ. ಆದ್ರೂ ಇನ್ನೊಬ್ಬ ಮನುಷ್ಯ ಮಾಡಿದ್ದು ತಾನೇ, ತಿಳೀದೆ ಎಲ್ಲಿಗೆ ಹೋಗ್ತೈತೆ?” ಎಂದರು. ಗೊತ್ತಿಲ್ಲ ಎನ್ನುವುದನ್ನು ಅಷ್ಟು ನೆಟ್ಟಗೆ ನಿಂತು ಹೇಳಿದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಇವರು ಓದಿ ಓದಿ ಹೇಳಿದರು. ಅದಕ್ಕೆ ಬೇಕಾದ ಎಣ್ಣೆ ಅದರದ್ದೇ ವಿಶೇಷ ಎಣ್ಣೆ. ನಮ್ಮ ಕಡೆ ಸಿಗುವಂಥದ್ದಲ್ಲ. ಅದು ಸಿಗದಿದ್ದರೆ ಏನು ಮಾಡಬೇಕೆಂಬ ಸಾಲನ್ನು ಗೆದ್ದಲು ತಿಂದಿತ್ತು. “ತೆಳುವಾದ ಅನ್ನೋ ಒಂದು ಮಾತು ಉಳಿದಿದೆ. ಮಿಕ್ಕದ್ದು ಗೆದ್ದಲ ಹೊಟ್ಟೆಯಲ್ಲಿದೆ” ಎಂದರು.

“ಬೇಕಾದ ಮಾತು ಬಿಟ್ಟೈತಲ್ಲ, ಗೆದ್ದಲಿಗೆ ಪುಣ್ಯ ಬರ್ಲಿ” ಎಂದರು ಸಾಬರು. ಆಮೇಲೆ ನನ್ನ ಕಡೆ ತಿರುಗಿ ಒಂದು ಅಗಲ ಪಾತ್ರೆಯಲ್ಲಿ ನೀರು, ಒಂದು ಕಡಗೋಲು, ಒಂದು ದೊನ್ನೆ ಬೇಕು ಅಂದರು. ನೀರಿನ ಒಂದು ಕಡೆ ದೊನ್ನೆಯನ್ನು ತೇಲಿಬಿಟ್ಟು, ಇನ್ನೊಂದು ಕಡೆ ಕಡಗೋಲನ್ನು ಒಂದೇ ದಿಕ್ಕಿಗೆ ತಿರುವಿದರು. ಸ್ವಲ್ಪ ಹೊತ್ತಿಗೆ ದೊನ್ನೆ ಪಾತ್ರೆಯ ಅಂಚಿನಲ್ಲಿ ಸುತ್ತಲು ಶುರು ಮಾಡಿತು.

“ಕಡಗೋಲು ಎಂಜಿನ್ನು. ದೊನ್ನೆ ಗಾಲಿ. ಒಂದನ್ನೊಂದು ಮುಟ್ಟಿಲ್ಲ, ನೀರೇ ತಿರುಗಿಸ್ತೈತೆ. ಕ್ಲಚ್ಚಿನ ಕೆಲಸ ಮಾಡೋದು ಇದರಾಗೆ ಎಣ್ಣೆನೇ.” ಆಮೇಲೆ ಬೆಳಗಿನ ರಾಗಿ ಅಂಬಲಿ ಉಳಿದಿತ್ತೇ ಎಂದು ಕೇಳಿ ಅದರಲ್ಲೂ ಹಾಗೇ ಮಾಡಿದರು. ಕಡಗೋಲಿನ ಸುತ್ತ ಮಾತ್ರ ಅಂಬಲಿ ತಿರುಗಿತು. ದೊನ್ನೆ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು. “ಬೆಳಿಗ್ಗೆ ನಿಮ್ಮ ಕಾರು ಯಾಕೆ ಅಲುಗಲ್ಲ ಅಂತ ತಿಳೀತಾ?”

ಇವರು ಸ್ಟೂಲಿನ ಮೇಲೇ ಮುಂದಕ್ಕೆ ಬಗ್ಗಿ ದೊನ್ನೆಯನ್ನು ನೋಡುತ್ತಿದ್ದರು. ಒಂದು ವಾರದ ಮೇಲೆ ಅವರ ಕಣ್ಣಲ್ಲಿ ಆಸೆ ಕಂಡದ್ದು ಆಗಲೇ.

ಶುಕ್ರವಾರ ನಮಾಜು ಮುಗಿಸಿಕೊಂಡು ಸಾಬರು ಹೊನ್ನಾಳಿಯಿಂದ ಬಂದರು. ಬಸ್ಸಿನ ತಲೆಯ ಮೇಲೆ ಒಂದು ದೊಡ್ಡ ಡಬ್ಬ, ಕೈಯಲ್ಲಿ ಸಣ್ಣ ಸೀಸೆಗಳು. ಯಾವ ಎಣ್ಣೆಯೆಂದು ಮನಸ್ಸಿನಲ್ಲಿ ಆರಿಸಿಯೇ ತಂದಿದ್ದರು, ಆದರೂ ನಮ್ಮೆದುರಿಗೆ ಪರೀಕ್ಷೆಯಾಗಬೇಕು. ದವಾಖಾನೆಯ ಸ್ಲೇಟನ್ನು ಓರೆಯಾಗಿ ನಿಲ್ಲಿಸಿ ಮೇಲಂಚಿನಲ್ಲಿ ಹರಳೆಣ್ಣೆ, ಬಸ್ಸಿನ ಎಂಜಿನ್ ಎಣ್ಣೆ, ಹೊಲಿಗೆ ಮಷಿನ್ನಿನ ಎಣ್ಣೆ, ಡಬ್ಬದ ತೆಳು ಎಂಜಿನ್ ಎಣ್ಣೆ, ಒಂದೊಂದು ತೊಟ್ಟು ಇಟ್ಟರು. ಹರಳೆಣ್ಣೆ ಇಳಿಯಲೇ ಇಲ್ಲ. ಆಮೇಲೆ ಸ್ಲೇಟನ್ನು ಬಿಸಿಲಿಗಿಟ್ಟು ಸುಡುವಂತಾದ ಮೇಲೆ ಮತ್ತೆ ನೋಡಿದರು. ಮಷಿನ್ನಿನ ಎಣ್ಣೆ ನೀರಾಗಿ ಓಡಿ ಒಣಗಿದಂತಾಯಿತು. ಡಬ್ಬದ ಎಣ್ಣೆ ಮಾತ್ರ ತಣ್ಣಗಿದ್ದಾಗಲೂ ಇಳಿದಿತ್ತು, ಬಿಸಿಯಲ್ಲೂ ಮೈಬಿಡಲಿಲ್ಲ. ಜಾರಿದ ದಾರಿಯುದ್ದಕ್ಕೂ ಹೊಳಪು ಇತ್ತು.

“ಹತ್ತನೇ ನಂಬರು. ನಂಬರು ಸಣ್ಣದಾದಷ್ಟೂ ಎಣ್ಣೆ ತೆಳು. ಹೊನ್ನಾಳಿ ಡಿಪೋದಾಗೆ ಧೂಳು ಹಿಡಿದು ಕೂತಿತ್ತು. ಸಾರಿನಂಗೈತೆ ಅಂತ ಯಾರೂ ಒಯ್ಯಂಗಿಲ್ಲ. ನಮ್ಮ ಜನಕ್ಕೆ ಎಣ್ಣೆ ಅಂದ್ರೆ ಗಟ್ಟಿ ಇರ್ಬೇಕು.”

ಹಳೆಯದನ್ನೆಲ್ಲ ಇಳಿಸಿದರು. ಸೀಮೆಎಣ್ಣೆ ಡಬ್ಬದ ಅರ್ಧಕ್ಕೂ ಹೆಚ್ಚು ಬಂತು. ಹೊಸದನ್ನು ಹಾಕುವ ಮುಂಚೆ ಸಾಬರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಒಣಗಿದ, ನೇರಳೆ ಬಣ್ಣದ ಬೇರಿನ ಸಿಪ್ಪೆ. “ರತನ್ ಜೋತ್. ನಮ್ಮ ಅಮ್ಮ ತಲೆಗೆ ಹಚ್ಚೋ ಎಣ್ಣೆಗೆ ಹಾಕ್ತಾಳೆ. ಅತ್ತರ್ ಅಂಗಡೀಲಿ ಸಿಗ್ತೈತೆ. ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡಿ ಇದನ್ನ ನೆನೆಸ್ರಿ, ಮಲ್ಲಿನ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸ್ರಿ. ಒಂದು ಚೂರೂ ಬೀಳಬಾರ್ದು.”

ಅದು ಯಾಕೆಂದರೆ, ಕಾರಿನ ಕೆಳಗೆ ತೊಟ್ಟು ಬೀಳುವ ಕಡೆಯಲ್ಲೇ ಎಂಜಿನ್ನೂ ಗೇರ್‌ಬಾಕ್ಸೂ ಕೂಡುತ್ತವೆ. ಸೋರುತ್ತಿರುವುದು ಯಾವುದರ ಎಣ್ಣೆ? ಇನ್ನು ಮೇಲೆ ಎರಡೂ ಎಂಜಿನ್ ಎಣ್ಣೆಯೇ. ಎಂಜಿನ್ನಿನ ಹಿಂಬದಿಯಿಂದಾದರೆ ಇಡೀ ಎಂಜಿನ್ನು ಎತ್ತಬೇಕು. ಎತ್ತುವ ಸಲಕರಣೆ ಚನ್ನಗಿರಿಯಲ್ಲಿಲ್ಲ, ಸೋಮವಾರದೊಳಗೆ ಆಗುವ ಮಾತೂ ಅಲ್ಲ. ಗೇರ್‌ಬಾಕ್ಸಿನ ಎಣ್ಣೆಗೆ ಬಣ್ಣ ಕಟ್ಟಿದರೆ ಅದು ತಾನೇ ತಾನಾಗಿ ಹೇಳುತ್ತದೆ. ಅಡುಗೆಮನೆಯ ಒಲೆಯ ಮೇಲೆ ಬೇರು ಎಣ್ಣೆಯಲ್ಲಿ ಬಣ್ಣ ಬಿಟ್ಟದ್ದನ್ನು ನಾನು ನೋಡುತ್ತಾ ನಿಂತೆ. ದಾಸವಾಳದ ಕೆಂಪು. ಎಣ್ಣೆಗೆ ಬಣ್ಣ ಹಾಕುವ ಆ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ, ಆ ಮನುಷ್ಯ ತನ್ನ ತಾಯಿಯ ತಲೆಯಿಂದ ತೆಗೆದದ್ದು.

ಎಣ್ಣೆ ಅಳೆಯುವುದರಲ್ಲೂ ಒಂದು ಕಲಿಕೆಯಾಯಿತು. ನಾವು ಎಂಜಿನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಕಡ್ಡಿ ಎಳೆದು, ತುಂಬಿದೆ ಅಂದುಕೊಳ್ಳುತ್ತಿದ್ದೆವು. ಪುಸ್ತಕದ ಪ್ರಕಾರ ಎಂಜಿನ್ನು ಓಡುತ್ತಿರುವಾಗಲೇ, ಬಿಸಿಯಿರುವಾಗಲೇ ನೋಡಬೇಕು. ಹಾಗೆ ನೋಡಿದರೆ ಎಣ್ಣೆ ಎಷ್ಟೋ ಕೆಳಗಿರುತ್ತಿತ್ತು. ಏರಿನಲ್ಲಿ ಕೂಗುತ್ತಿದ್ದದ್ದು ಅದಕ್ಕೇ. ಎಣ್ಣೆ ಸಾಲದೆ ಒಳಗೆ ಗಾಳಿ ಸೇರುತ್ತಿತ್ತು.

ಶನಿವಾರ ಬೆಳಿಗ್ಗೆ ತಟ್ಟೆ ಎಳೆದು ನೋಡಿದೆ. ತೊಟ್ಟಲ್ಲ, ಸಣ್ಣ ಮಡುವೇ ನಿಂತಿತ್ತು. ಅವತ್ತೇ ಭಾವನವರು ಬೇರೆ ಬಂದಿದ್ದರು.

“ಏನು ಮೇಸ್ತ್ರಿ ಸಾಬ್ರೆ, ಮೊದ್ಲು ಕಾರಿಗೆ ನೆಗಡಿ ಇತ್ತು, ನೀವು ಭೇದಿ ಹತ್ತಿಸಿದ್ರಲ್ಲ! ತಮ್ಮಾ, ಸೋಮವಾರದವರೆಗೂ ಎಂಜಿನ್ನಾದ್ರೂ ಉಳಿಸ್ಕಳಪ್ಪ.”

ನಮ್ಮ ಮನೆಯವರ ಮುಖ ಕುಗ್ಗಿತು. ಸಾಬರು ಮಾತ್ರ ತಟ್ಟೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಪೂರಾ ಕೆಂಪು. ಒಂದು ಎಳೆ ಕಪ್ಪಿಲ್ಲ.

“ಸಾಹುಕಾರ್ರೆ, ಗಟ್ಟಿ ಎಣ್ಣೆ ಇದ್ದಾಗ ರೋಗ ಒಳಗೇ ಅವಿತಿತ್ತು. ಈಗ ಬಾಯಿ ಬಿಟ್ಟೈತೆ. ರೋಗ ಬಾಯಿ ಬಿಟ್ರೆ ಅರ್ಧ ವಾಸಿ, ಅಲ್ಲೇನ್ರೀ ಡಾಕ್ಟ್ರೇ?” ಎಂದರು. ನಂತರ ನನಗೆ ಮೆಲ್ಲಗೆ, “ಎಂಜಿನ್ನಿಂದಲ್ಲಮ್ಮಾರೆ. ಎತ್ತೋದು ತಪ್ಪಿತು” ಎಂದರು.

ಗೇರ್‌ಬಾಕ್ಸಿನಲ್ಲಿ ಎಲ್ಲಿಂದ? ತೊಟ್ಟು ಬೀಳುತ್ತಿದ್ದದ್ದು ಕೆಳಗಿನ ತಗಡಿನ ಹಿಂದಿನ ಮೂಲೆಯಲ್ಲಿ. ಹಿಂದೆ ಯಾರೋ ಅದೇ ಮೂಲೆಯ ಬೋಲ್ಟನ್ನು ಬಿಗಿದು ಬಿಗಿದು ತಲೆ ಸವೆಸಿದ್ದರು. ಸಾಬರು ಅದನ್ನು ಮುಟ್ಟಲಿಲ್ಲ. “ತೊಟ್ಟು ಬೀಳೋ ಜಾಗ ಬೇರೆ, ಹುಟ್ಟೋ ಜಾಗ ಬೇರೆ” ಎಂದು, ಗೇರ್‌ಬಾಕ್ಸಿನ ಹೊರಮೈಯನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಸೀಮೆಸುಣ್ಣವನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ತಟ್ಟಿ ತಟ್ಟಿ ಬೆಳ್ಳಗೆ ಮಾಡಿದರು. ನಾನು ರಂಗೋಲಿಯ ಅಕ್ಕಿಹಿಟ್ಟು ತಂದಿದ್ದೆ. “ಹಿಟ್ಟು ಬ್ಯಾಡ್ರಿ, ಎಣ್ಣೆ ಸೋಕಿದ್ರೆ ಹಿಟ್ಟು ರೊಟ್ಟಿಯಾಗ್ತೈತೆ, ಗೆರೆ ಕಾಣಲ್ಲ” ಎಂದರು. ಇವರು ಎಂಜಿನ್ನು ಸ್ಟಾರ್ಟ್ ಮಾಡಿ, ಸ್ಟೇರಿಂಗಿನ ಕೆಳಗಿನ ಗೇರಿನ ಹಿಡಿಯನ್ನು ಅತ್ತಿತ್ತ ಆಡಿಸುತ್ತಾ ಕೂತರು. ಸಾಬರು ಗೋಣಿಚೀಲ ಹಾಸಿಕೊಂಡು ಕೆಳಗೆ ಸರಿದರು. ಒಳಗೆ ಕತ್ತಲೆ. ನಾನು ಇವರ ಕ್ಷೌರದ ಕನ್ನಡಿ ತಂದು, ಬಿಸಿಲನ್ನು ಹಿಡಿದು ಕಾರಿನ ಕೆಳಗೆ ಹಾಯಿಸಿದೆ. “ಇನ್ನಷ್ಟು ಎಡಕ್ಕೆ, ಅಮ್ಮಾರೆ. ಮ್ಯಾಲೆ. ಹಂಗೇ ಹಿಡೀರಿ” ಎನ್ನುತ್ತಾ ಅವರು ನೋಡಿದರು. ನಾನು ಅಂ‍ಗಳದಲ್ಲಿ ಮೊಣಕಾಲೂರಿ ಕೂತಿದ್ದೆ. ಭಾವನವರು ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದರು.

ಮೊದಲು ಕಂಡದ್ದು ನನಗೆ. ಬಿಳಿಯ ಮೇಲೆ ಕುಂಕುಮದಲ್ಲಿ ಎಳೆದ ಹಾಗೆ ಒಂದು ಸಣ್ಣ ಗೆರೆ. ಅದು ಹಿಂದಿನ ಮೂಲೆಯಲ್ಲಿ ಹುಟ್ಟಿರಲಿಲ್ಲ. ಎಡಗಡೆ ಎತ್ತರದಲ್ಲಿ, ಗೇರಿನ ಹಿಡಿಯಿಂದ ಬಂದ ಸರಳು ಗೇರ್‌ಬಾಕ್ಸಿನೊಳಗೆ ಹೊಗುವ ತೂತಿನ ಬಾಯಲ್ಲಿ ಹುಟ್ಟಿ, ಪಕ್ಕೆಯ ಮೇಲಿಂದ ಇಳಿದು, ತಗಡಿನ ಅಂಚು ಹಿಡಿದು ಹಿಂದಕ್ಕೆ ಹರಿದು, ಮೂಲೆಗೆ ಬಂದು ತೊಟ್ಟಾಗುತ್ತಿತ್ತು.

“ಅಲ್ಲಿ ನೋಡ್ರಿ!” ಎಂದು ಕೂಗಿದೆ. ಭಾವನವರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಸಿಕ್ತು, ಸಿಕ್ತು” ಎಂದರು ಸಾಬರು ಕೆಳಗಿನಿಂದ. ಆ ತೂತಿನ ಬಾಯಿಗಿದ್ದ ಬಳೆಯಂಥ ವಾಷರು ಒಣಗಿ ಬಿರುಕು ಬಿಟ್ಟಿತ್ತು. ಅಂಥದ್ದು ಎಲ್ಲಿಂದ ತರುವುದು? ಅವರು ಸೈಕಲ್ ಪಂಪಿನೊಳಗಿನ ಚರ್ಮದ ವಾಷರು ತೆಗೆದು, ನಡುವೆ ಉಳಿಯಿಂದ ತೂತು ಕೊರೆದು, ಬೆಚ್ಚಗಿನ ಎಣ್ಣೆಯಲ್ಲಿ ಮಧ್ಯಾಹ್ನವೆಲ್ಲ ನೆನೆಸಿದರು. ಸರಳಿಗೆ ಹಾಕಿ ನೋಡಿದರು, ಬಿಗಿಯಾಯಿತು, ತೆಗೆದು ಬ್ಲೇಡಿನಲ್ಲಿ ಕೂದಲೆಳೆಯಷ್ಟು ಹೆರೆದರು, ಮತ್ತೆ ಹಾಕಿದರು. ಹೀಗೆ ಐದು ಸಲ. ಅವಸರವೆನ್ನುವುದು ಆ ಬೆರಳುಗಳಿಗೆ ಗೊತ್ತಿರಲಿಲ್ಲ. ಕೆಲಸವಾದ ಮೇಲೆ ಅಂಟುವಾಳದ ನೊರೆಯಲ್ಲಿ ಕೈ ಉಜ್ಜಿ ತೊಳೆದುಕೊಂಡು ಸ್ಟೇರಿಂಗು ಮುಟ್ಟಿದರು. “ಗುಣ ಆತಾ?” ಎಂದು ಇವರು ಕೇಳಿದರೆ, “ಕಾರು ಹೇಳ್ಬೇಕ್ರೀ ಅದನ್ನ, ನಾ ಯಾರು ಹೇಳಾಕೆ?” ಎಂದು ಊರಲ್ಲೇ ಒಂದು ಸುತ್ತು ಓಡಿಸಿ ತಂದರು. ಗಿರಾಕಿ ಬರುವವರೆಗೆ ಅವರೂ ನಮ್ಮ ಜಗುಲಿಯಲ್ಲೇ ಉಳಿದರು. ಭಾನುವಾರ ತಟ್ಟೆಯಲ್ಲಿ ಧೂಳು ಮಾತ್ರ ಇತ್ತು.

ಸೋಮವಾರ ಮೊದಲ ಬಸ್ಸಿಗೆ ಭಾವನವರು ಜಗಳೂರಿನ ಗಿರಾಕಿಯನ್ನು ಕರೆದುಕೊಂಡು ಬಂದರು. ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಮುಚ್ಚಳ ಎತ್ತಿಸಿ ಎಂಜಿನ್ನನ್ನು ನೋಡಿ ತಲೆಯಾಡಿಸಿದರು. ನಮ್ಮ ಮನೆಯವರು, “ನಿಂತ ಎಂಜಿನ್ನು ನೋಡಿ ಏನು ತಿಳಿಯುತ್ತೆ? ಕೂತ್ಕೊಳ್ಳಿ, ಒಂದು ಸುತ್ತು ಹೋಗಿ ಬರೋಣ” ಎಂದರು. ಗಿರಾಕಿ ಮುಂದೆ ಕೂತರು. ಹಿಂದೆ ಒಂದು ಕಿಟಕಿಗೆ ನಾನು, ಇನ್ನೊಂದಕ್ಕೆ ಭಾವನವರು, ನಡುವೆ ತಗಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡ ಸಾಬರು. ಇವರು ಬಾಣಂತಿಯ ಗಾಯಕ್ಕೆ ಕಟ್ಟುವ ಬಟ್ಟೆ, ಔಷಧದ ಪೆಟ್ಟಿಗೆಯನ್ನೂ ಇಡಿಸಿದಾಗ ಒಂದು ಸುತ್ತು ಎಂದರೆ ಎಲ್ಲಿಗೆ ಎನ್ನುವುದು ನನಗೆ ತಿಳಿಯಿತು.

ಹೊನ್ನಾಳಿ ದಾಟುವ ಹೊತ್ತಿಗೆ ಬಿಸಿಲೇರಿತ್ತು, ಕಾರೂ ಕಾದಿತ್ತು. ಗೋವಿನಕೋವಿಯ ಏರು ಬಂತು. ಸಾಬರು ಕಣ್ಣು ಮುಚ್ಚಿ ಕೈಯನ್ನು ಕಾಲ ಕೆಳಗಿನ ಹಲಗೆಗೆ ಒತ್ತಿದ್ದರು. ಇವರ ಬಲಗಾಲು ಮೆಲ್ಲಗೆ ಒತ್ತಿತು. ಎಂಜಿನ್ನು ಕೂಗಲಿಲ್ಲ. ಒಂದು ಸಲ ಉಸಿರು ತಗ್ಗಿಸಿ, ಒಳಗೆ ಏನೋ ಹಿಡಿದುಕೊಂಡಂತೆ ಮೃದುವಾಗಿ ಜಗ್ಗಿ, ಹೊಟ್ಟೆ ತುಂಬಿದ ಹಸು ಕೊಟ್ಟಿಗೆಗೆ ಬರುವ ಹಾಗೆ ಏರು ಹತ್ತಿಬಿಟ್ಟಿತು.

“ಅಲೆಲೆ!” ಎಂದರು ಭಾವನವರು. ಅಷ್ಟೇ ಅವರ ತೀರ್ಪು.

ಬಾಣಂತಿಯ ಮನೆಯ ಮುಂದೆ ನಿಂತಾಗ ಅವಳ ತಾಯಿ ಜಗುಲಿಯಲ್ಲಿ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಕಾರನ್ನು ನೋಡಿ ಎದ್ದು ನಿಂತು, “ಈವತ್ತು ಬರ್ತೀನಿ ಅಂದೇ ಇರ್ಲಿಲ್ಲಲ್ಲಪ್ಪಾ!” ಎಂದಳು. “ಅದಕ್ಕೇ ಹೊತ್ತಿಗೆ ಬಂದೆ ನೋಡವ್ವಾ” ಎಂದರು ಇವರು. ಒಳಗೆ ಹೋಗಿ ನಾನೂ ಇವರೂ ಗಾಯ ತೊಳೆದು ಕಟ್ಟಿದೆವು. ಗಾಯ ಮಾಯುತ್ತಿತ್ತು. ಮಗು ಇನ್ನೊಂದು ಎದೆಯಲ್ಲಿ ಹಾಲು ಕುಡಿಯುತ್ತಿತ್ತು. ಹೊರಡುವಾಗ ಆ ತಾಯಿ, “ಇನ್ನು ಯಾವಾಗ ಬರ್ತೀರಿ?” ಎಂದು ಕೇಳಿದಳು. ಇವರು ಬಾಗಿಲಿಂದ ಕಾರಿನ ಕಡೆ ನೋಡಿದರು. “ಬುಧವಾರ, ಹತ್ತು ಗಂಟೆಗೆ. ಬರ್ತೀನಿ” ಎಂದರು.

ಜಗುಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಗಿರಾಕಿ ಅದನ್ನು ಕೇಳಿ ಮೀಸೆ ಒರೆಸಿಕೊಂಡರು. “ಎಂಜಿನ್ನು ಚಲೋ ಐತ್ರೀ. ಆದ್ರೆ ಇದನ್ನ ಬಿಚ್ಚಿದ್ರೆ ಈ ಊರ ಹೆಣ್ಣುಮಕ್ಕಳ ಶಾಪ ನಮ್ಮ ಮಿಲ್ಲಿಗೆ ತಟ್ತೈತೆ” ಎಂದು ಸಾಬರ ಕಡೆ ತಿರುಗಿ, “ನಮ್ಮ ಮಿಲ್ಲಿನ ಗಾಣದಾಗೂ ಒಂದು ಕಡೆ ಸೋರ್ತೈತ್ರೀ ಮೇಸ್ತ್ರಿ, ಬರ್ತೀರೇನು?” ಎಂದರು.

“ಮೊದ್ಲು ಅದರ ಕೆಳಗೊಂದು ತಟ್ಟೆ ಇಡ್ರಿ, ಲೆಕ್ಕ ಬರದಿಡ್ರಿ. ಆಮ್ಯಾಲೆ ಕರೀರಿ” ಎಂದರು ಸಾಬರು. ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆದರೆ ಯಾರಿಂದ ಕಲಿತ ಮಾತೆಂದು ನನಗೆ ಗೊತ್ತಾಯಿತು. ಜೀವಮಾನದಲ್ಲಿ ನನಗೆ ಸಂದ ದೊಡ್ಡ ಮರ್ಯಾದೆಗಳಲ್ಲಿ ಅದೊಂದು.

ಸಾಬರನ್ನೂ ಭಾವನವರನ್ನೂ ನ್ಯಾಮತಿಯಲ್ಲಿ ಇಳಿಸಿ, ಗಿರಾಕಿಯನ್ನು ಹೊನ್ನಾಳಿಯಲ್ಲಿ ಬಸ್ಸು ಹತ್ತಿಸಿ, ಸಂಜೆಗೆ ಮನೆ ಸೇರಿದೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿಪುಡಿ, ಮೊಸರು. ಕಾಂಪೌಂಡರ ಕೈ ಇನ್ನೂ ಪೂರಾ ಮಾಯ್ದಿರಲಿಲ್ಲ. ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಕಲೆಸಿ ಚಮಚ ಹಾಕಿ ಕೊಟ್ಟೆ. ಇವರು ನಾಲ್ಕನೆಯ ರೊಟ್ಟಿ ಕೇಳಿದರು. ಊಟವಾದ ಮೇಲೆ ಬುಧವಾರ ಹೋಗಬೇಕಾದ ಊರುಗಳನ್ನು ಬರೆದುಕೊಳ್ಳುತ್ತೇನೆಂದು ಕಾಗದ ಪೆನ್ಸಿಲು ಹಿಡಿದು ಮಂಚದ ಮೇಲೆ ಕೂತರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಪೆನ್ಸಿಲು ಮೂರು ಊರಿನ ಹೆಸರು ದಾಟಿ, ನಾಲ್ಕನೆಯದರ ಮೊದಲಕ್ಷರಕ್ಕೆ ನಿಂತಿತ್ತು. ಅವತ್ತು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆಹೋದವರು ಅವರೇ.